ಮಾಡೆಲ್‌ನಲ್ಲಿ ನೆಲದೊಳಗಿನ ಐಸ್ ಬೇಗ ಕರಗುತ್ತಿತ್ತು, ಸರಿಯಾಗಿದ್ದು ಹೀಗೆ

ಸೈಬೀರಿಯಾದ ಲೇನಾ ನದೀಮುಖದ ಪರ್ಮಾಫ್ರಾಸ್ಟ್‌ಗೆ (ವರ್ಷವಿಡೀ ಹೆಪ್ಪುಗಟ್ಟಿರುವ ನೆಲ) ಪೈಥಾನ್‌ನಲ್ಲಿ ಶಾಖದ ಮಾಡೆಲ್ ಬರೆದಿದ್ದೆ. ಅದು ನೆಲವನ್ನು ತೆಳು ಪದರಗಳಾಗಿ, ಸಮಯವನ್ನು ಚಿಕ್ಕ ಹೆಜ್ಜೆಗಳಾಗಿ ಭಾಗಿಸಿ ಲೆಕ್ಕ ಹಾಕುತ್ತದೆ. ಬೇಸಿಗೆ ಬಂದರೆ ಐಸ್ ಕೆಲವೇ ದಿನಗಳಲ್ಲಿ ಮಾಯ. ಪದರಗಳು ಒಂದೇ ಹೆಜ್ಜೆಯಲ್ಲಿ -0.3 ಡಿಗ್ರಿಯಿಂದ +0.4ಕ್ಕೆ ಹಾರುತ್ತಿದ್ದವು. ಕರಗಲು ಬೇಕಾದ ಶಾಖ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಪದರ ತೆಳುವಾಗಿಸಿದೆ, ಮೊದಲು 100 ವರ್ಷ ಸುಮ್ನೆ ಓಡಿಸಿ ನೋಡಿದೆ. ಆಗಲಿಲ್ಲ. ಮಣ್ಣಿನ ಶಾಖವಾಹಕತೆ ಇಳಿಸಿದ್ದು ತಪ್ಪನ್ನು ಮುಚ್ಚಿತು, ಅಷ್ಟೇ.

ಕೊನೆಗೆ ತಾಪಮಾನ ಬಿಟ್ಟು, ಪ್ರತಿ ಘನ ಮೀಟರಿನ ಎಂಥಾಲ್ಪಿಯನ್ನೇ (ಕರಗಲು ಬೇಕಾದ ಶಾಖವೂ ಸೇರಿ ಮಣ್ಣಿನಲ್ಲಿರುವ ಒಟ್ಟು ಶಾಖ) ಲೆಕ್ಕದ ಮೂಲ ಮಾಡಿಕೊಂಡೆ. 0 ಡಿಗ್ರಿಯಲ್ಲಿ ಪೂರ್ತಿ ಹೆಪ್ಪುಗಟ್ಟಿದ ಮಣ್ಣಿಗೆ ಎಂಥಾಲ್ಪಿ 0. ಅದಕ್ಕಿಂತ ಕಡಿಮೆಯಿದ್ದರೆ, ಹೆಪ್ಪುಗಟ್ಟಿದ ಮಣ್ಣಿನ ಶಾಖಧಾರಣೆಯಿಂದ ಭಾಗಿಸಿ, ಅದೇ ತಾಪಮಾನ. 0ಯಿಂದ '334 ಮೆಗಾಜೂಲ್ (ಐಸ್ ಕರಗಿ ಒಂದು ಘನ ಮೀಟರ್ ನೀರಾಗಲು ಬೇಕಾದ ಶಾಖ) × ಮಣ್ಣಿನ ಗಾತ್ರದಲ್ಲಿ ನೀರಿನ ಪಾಲು' ತನಕ ತಾಪಮಾನ 0 ಡಿಗ್ರಿಯಲ್ಲೇ ನಿಲ್ಲಬೇಕು. ದಾಟಿದ ಮೇಲಷ್ಟೇ ಏರಿಕೆ. ಪ್ರತಿ ಹೆಜ್ಜೆಯಲ್ಲೂ ಮೊದಲು ಶಾಖದ ಹರಿವು, ಆಮೇಲೆ ಎಂಥಾಲ್ಪಿ, ತಾಪಮಾನ, ಕೊನೆಗೆ ವಾಹಕತೆ. ಪದರ 5 ಸೆಂ.ಮೀ., ಹೆಜ್ಜೆ 600 ಸೆಕೆಂಡ್.

ಮಣ್ಣಿನ ರಂಧ್ರಗಳಿಗಿಂತ ಜಾಸ್ತಿ ಐಸ್ ಇದ್ದಲ್ಲಿ, ಕರಗಿದ ಹೆಚ್ಚುವರಿ ನೀರನ್ನು ಹೊರಹಾಕಿ ಪದರವನ್ನು ಕುಗ್ಗಿಸಿ. ಆ ನೀರಿನ ಜೊತೆ, ನೀರಿನ ಪ್ರತಿ ಘನ ಮೀಟರಿಗೆ 334 ಮೆಗಾಜೂಲೂ ಹೋಗಬೇಕು (ನಾನು ಎರಡು ದಿನ ಕಳೆದದ್ದು ಇಲ್ಲೇ). ದಪ್ಪ 4 ಸೆಂ.ಮೀ.ಗಿಂತ ಇಳಿದರೆ ಕೆಳಗಿನ ಪದರಕ್ಕೆ ಸೇರಿಸಿಬಿಡಿ, ಇಲ್ಲದಿದ್ದರೆ 600 ಸೆಕೆಂಡ್ ಹೆಜ್ಜೆಗೆ ಲೆಕ್ಕ ಸಿಡಿಯುತ್ತದೆ (ಸಂಖ್ಯೆಗಳು ಅಂಕೆ ಮೀರಿ ಏರುಪೇರಾಗುತ್ತವೆ).