ಅಮ್ಮನನ್ನು ಕೈ ಹಿಡಿದು ಎಬ್ಬಿಸಬೇಡಿ

ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಮಳೆ ಹಿಡಿದರೆ ನಮ್ಮ ಕೊಡಗಿನ ಕಡೆ ವಯಸ್ಸಾದವರು ಹೊರಗೆ ಕಾಲಿಡುವುದಿಲ್ಲ. ಅಂಗಳದಲ್ಲಿ ಪಾಚಿ, ತೋಟದಲ್ಲಿ ಜಿಗಣೆ, ಕರೆಂಟ್ ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ. ಮಳೆ ಶುರುವಾದ ಜೂನ್‌ನಲ್ಲೇ ಒಲೆ ಪಕ್ಕದ ಕುರ್ಚಿ ಹಿಡಿದವರು ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಏಳಲು ಹೋದರೆ ಕಾಲು ಮಾತು ಕೇಳುವುದಿಲ್ಲ. ಪೊನ್ನಂಪೇಟೆ, ಗೋಣಿಕೊಪ್ಪಲು ಸುತ್ತಿನ ಮನೆಗಳಿಗೆ ಹೋಗಿ ಹಿರಿಯರಿಗೆ ವ್ಯಾಯಾಮ ಹೇಳಿಕೊಡುವುದು ನನ್ನ ಕೆಲಸ. ಸೆಪ್ಟೆಂಬರ್‌ನಲ್ಲಿ ಬರುವ ಫೋನುಗಳೆಲ್ಲ ಹೆಚ್ಚುಕಮ್ಮಿ ಒಂದೇ ತರಹ. ಬೆಂಗಳೂರಿನಿಂದ ಮಗನೋ ಮಗಳೋ ಮಾಡಿರುತ್ತಾರೆ. "ಅಮ್ಮ ತುಂಬಾ ಮಂಕಾಗಿದ್ದಾರೆ. ಮಾತಿಲ್ಲ, ಟಿವಿಯೂ ಬೇಡವಂತೆ. ವಯಸ್ಸಾಯಿತಲ್ಲ."

ಆ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಅಂಥ ಮನೆಗೆ ಹೋದ ಕೂಡಲೇ ನಾನು ಅಮ್ಮನಿಗೆ ಹೇಳುವುದು ಒಂದೇ: "ಒಮ್ಮೆ ಎದ್ದು ನಿಲ್ಲಿ." ಕುರ್ಚಿಯಿಂದ ತಾವಾಗಿ ಏಳಲು ಆಗದವರು ಬಚ್ಚಲಿಗೆ ಹೋಗಲೂ ಯಾರನ್ನಾದರೂ ಕೂಗಬೇಕು. ಕೂಗಲು ಸಂಕೋಚ. ಅದಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬೀಳುವ ಭಯಕ್ಕೆ ಮದುವೆಗೆ ಹೋಗುವುದು ನಿಲ್ಲುತ್ತದೆ, ಸಂತೆ ನಿಲ್ಲುತ್ತದೆ, ನಾಲ್ಕು ಜನರ ಮುಖ ನೋಡುವುದೂ ನಿಲ್ಲುತ್ತದೆ. ಕೂತಷ್ಟೂ ಕಾಲು ಸೋಲುತ್ತದೆ. ಕಾಲು ಸೋತಷ್ಟೂ ಮನಸ್ಸು ಕುಗ್ಗುತ್ತದೆ. ಕುಗ್ಗಿದವರು ಇನ್ನೂ ಜಾಸ್ತಿ ಕೂರುತ್ತಾರೆ. ಈ ಸುತ್ತನ್ನು ಎಲ್ಲಾದರೂ ಕಡಿಯಬೇಕು ಅಲ್ವಾ? ನಾನು ತೊಡೆಯಿಂದ ಶುರು ಮಾಡುತ್ತೇನೆ.

"ಈ ವಯಸ್ಸಿನಲ್ಲಿ ಶಕ್ತಿ ಬರುತ್ತದಾ?" ಎಂದು ಎಲ್ಲರೂ ಕೇಳುತ್ತಾರೆ. ಬರುತ್ತದೆ. 1990ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ, ವೃದ್ಧರ ಆರೈಕೆ ಕೇಂದ್ರದಲ್ಲಿದ್ದ 90ರ ಆಸುಪಾಸಿನ 10 ಜನರಿಗೆ 8 ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಪೂರ್ತಿ ಮಾಡಿದವರ ಕಾಲಿನ ಶಕ್ತಿ ಸರಾಸರಿ ಶೇ 174ರಷ್ಟು ಏರಿತು. ಇಬ್ಬರು ಊರುಗೋಲನ್ನೇ ಬಿಟ್ಟರು. ಮನಸ್ಸಿನ ಮಾತಿಗೆ ಬಂದರೆ, 2018ರಲ್ಲಿ ಪ್ರಕಟವಾದ ಒಂದು ವಿಮರ್ಶೆ 33 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಬೇರೆ ಬೇರೆ ವಯಸ್ಸಿನ ಸುಮಾರು 1,900 ಜನರಿದ್ದರು. ಭಾರದ ವ್ಯಾಯಾಮ ಮಾಡಿದವರಲ್ಲಿ ಖಿನ್ನತೆಯ ಲಕ್ಷಣ ಇಳಿದಿತ್ತು. ಶಕ್ತಿ ಅಷ್ಟೇನೂ ಏರದವರಿಗೂ ಲಾಭ ಸಿಕ್ಕಿತ್ತು. ಹಾಗಾಗಿ ಮೊದಲ ತಿಂಗಳು ಕಾಲು ಬಲಿಯಲಿಲ್ಲ ಎಂದು ಕೈಬಿಡಬೇಡಿ.

ಹಂತ 1: ಡಾಕ್ಟರ ಹತ್ತಿರ ಒಮ್ಮೆ ಹೋಗಿ

ಎದೆನೋವು, ಏದುಸಿರು, ಎದ್ದಾಗ ತಲೆ ತಿರುಗುವುದು, ಈಚೆಗೆ ಆಪರೇಷನ್ ಆಗಿರುವುದು, ಇವುಗಳಲ್ಲಿ ಯಾವುದಿದ್ದರೂ ಮೊದಲು ತೋರಿಸಿ. ಹಾಗೇ ಥೈರಾಯ್ಡ್, ಬಿ12 ನೋಡಿಸಿ. ಇವೆರಡೂ ಏರುಪೇರಾದರೆ ಮೈ ಸೋಲುತ್ತದೆ, ಮನಸ್ಸೂ ಮಂಕಾಗುತ್ತದೆ. ಅದಕ್ಕೆ ಬೇರೆ ಮದ್ದಿದೆ.

ಹಂತ 2: ಕುರ್ಚಿ ಬದಲಿಸಿ

ನಮ್ಮ ತೋಟದ ಮನೆಗಳ ಜಗಲಿಯಲ್ಲಿ ಉದ್ದ ಕೈಗಳ ಪ್ಲಾಂಟರ್ ಚೇರ್ ಇರುತ್ತದಲ್ಲ, ಅಜ್ಜಂದಿರಿಗೆ ಅದೇ ಸಿಂಹಾಸನ. ನೋಡಲು ಚಂದ. ಆದರೆ ಸೊಂಟ ಮೊಣಕಾಲಿಗಿಂತ ಕೆಳಗೆ ಹೋಗುತ್ತದೆ, ಬೆನ್ನು ಹಿಂದಕ್ಕೆ ವಾಲುತ್ತದೆ. ಅದರಿಂದ ಏಳಲು ನನಗೇ ಕಷ್ಟ. ಮಧ್ಯಾಹ್ನದ ನಿದ್ದೆಗೆ ಇಟ್ಟುಕೊಳ್ಳಲಿ, ದಿನವಿಡೀ ಬೇಡ. ಪ್ಲಾಸ್ಟಿಕ್ ಕುರ್ಚಿಯಂತೂ ಬೇಡವೇ ಬೇಡ. ನುಣ್ಣಗಿನ ಕಾವಿ ನೆಲದ ಮೇಲೆ ಅದು ಹಿಂದಕ್ಕೆ ಜಾರುತ್ತದೆ. ಊಟದ ಮೇಜಿನ ಗಟ್ಟಿ ಮರದ ಕುರ್ಚಿ ತನ್ನಿ. ಕೂರುವ ಎತ್ತರ ಸುಮಾರು 43ರಿಂದ 45 ಸೆಂಟಿಮೀಟರ್ ಇರಲಿ. ಕುರ್ಚಿಯ ಬೆನ್ನನ್ನು ಗೋಡೆಗೆ ಒತ್ತಿ ಇಡಿ. ಕಾಲಿಗೆ ಸಾಕ್ಸ್ ಬೇಡ. ಬರಿಗಾಲು, ಇಲ್ಲವೇ ಹಿಮ್ಮಡಿ ಹಿಡಿಯುವ ಚಪ್ಪಲಿ.

ಹಂತ 3: ಮೊದಲ ಎಣಿಕೆ

ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಂದು ಎಣಿಸಿ. ನೀವು ಪಕ್ಕದಲ್ಲೇ ನಿಂತಿರಿ. 70ರಿಂದ 74 ವಯಸ್ಸಿನ ಹೆಂಗಸರಿಗೆ 10ಕ್ಕಿಂತ, ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಜಾಸ್ತಿ ಎಂದು ಲೆಕ್ಕ. ಕೈ ಊರದೆ ಏಳಲು ಆಗದಿದ್ದರೆ ಸೊನ್ನೆ. ಸೊನ್ನೆಯಾದರೂ ಕ್ಯಾಲೆಂಡರಿನಲ್ಲಿ ಬರೆದಿಡಿ.

ಹಂತ 4: ಏಳುವುದು, ಕೂರುವುದು

ಎಲ್ಲರೂ ಎಡವುವುದು ಇಲ್ಲೇ. ಮೊದಲ ತಪ್ಪು ಮಕ್ಕಳದ್ದು. ಅಮ್ಮ ಏಳಲು ಮುಂದೆ ಬಾಗಿದ ಕೂಡಲೇ ಓಡಿ ಬಂದು ಎರಡೂ ಕೈ ಹಿಡಿದು ಎಳೆಯುತ್ತಾರೆ. ಪ್ರೀತಿಯಿಂದಲೇ ಮಾಡುವುದು, ನನಗೆ ಗೊತ್ತು. ನನ್ನ ಅತ್ತೆಯವರನ್ನು ನಾವೆಲ್ಲ ಹಾಗೇ ಎಳೆದು ಎಳೆದು ಅವರ ಭುಜ ನೋವಿಗೆ ಬಿದ್ದು, ತಲೆ ಬಾಚಿಕೊಳ್ಳಲೂ ಆಗದ ಹಾಗಾಯಿತು. ಆ ನೋವಿನ ತಿಂಗಳುಗಳಲ್ಲಿ ಅವರು ಎಷ್ಟು ಮೌನವಾದರು ಎಂದು ನೆನೆದರೆ ಇವತ್ತಿಗೂ ಸಂಕಟ. ಎಳೆದರೆ ಭುಜಕ್ಕೆ ಪೆಟ್ಟು. ಅದಕ್ಕಿಂತ ದೊಡ್ಡ ಪೆಟ್ಟು, "ನಿನ್ನಿಂದ ಆಗದು" ಎಂದು ದಿನಕ್ಕೆ ಹತ್ತು ಸಲ ಹೇಳಿದಂತಾಗುವುದು. ಕೈ ಕಟ್ಟಿ ನಿಲ್ಲಿ. ಅವರಿಗೆ ಒಂದು ನಿಮಿಷ ಹಿಡಿದರೆ ಹಿಡಿಯಲಿ.

ಈಗ ಕ್ರಮ. ಮೊದಲು ಕುರ್ಚಿಯ ತುದಿಗೆ ಸರಿದು ಕೂರಬೇಕು. ತೊಡೆಯ ಅರ್ಧ ಭಾಗ ಹೊರಗೆ ಬರಲಿ. ಪಾದಗಳ ನಡುವೆ ಸೊಂಟದಷ್ಟು ಅಗಲ. ಪಾದ ಮೊಣಕಾಲಿಗಿಂತ ಸ್ವಲ್ಪ ಹಿಂದೆ ಇರಬೇಕು. ಇದನ್ನು ಹತ್ತರಲ್ಲಿ ಎಂಟು ಜನ ಮರೆಯುತ್ತಾರೆ. ಪಾದ ಮುಂದೆ ಚಾಚಿಕೊಂಡು ಏಳಲು ಹೋದರೆ ಕುಸ್ತಿ ಪಟುವಿಗೂ ಆಗುವುದಿಲ್ಲ. ಆಮೇಲೆ ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಬೇಕು. ಬೀಳುತ್ತೇನೆಂಬ ಹೆದರಿಕೆಗೆ ಹಿರಿಯರು ಬಾಗುವುದಿಲ್ಲ, ನೇರ ಮೇಲೇಳಲು ನೋಡುತ್ತಾರೆ, ದೊಪ್ಪೆಂದು ಹಿಂದಕ್ಕೆ ಬೀಳುತ್ತಾರೆ. ನೀವು ಎದುರಿಗೆ ಒಂದು ಸ್ಟೂಲ್ ಮೇಲೆ ಕೂತು "ನನ್ನ ಮುಖ ನೋಡುತ್ತಾ ಬಾಗಿ" ಎನ್ನಿ. ಭಯ ಇಳಿಯುತ್ತದೆ. ಬಾಗಿದ ಮೇಲೆ ಹಿಮ್ಮಡಿಯಿಂದ ನೆಲವನ್ನು ತಳ್ಳುತ್ತಾ, ಬಾಯಿಯಿಂದ ಉಸಿರು ಬಿಡುತ್ತಾ ಏಳಬೇಕು. ಉಸಿರು ಕಟ್ಟಿ ಮುಕ್ಕಿದರೆ ಬಿಪಿ ಏರುತ್ತದೆ. ಅದಕ್ಕೆ ಅವರೇ ಜೋರಾಗಿ ಎಣಿಸಲಿ. ಎಣಿಸುವವರು ಉಸಿರು ಕಟ್ಟಲಾರರು.

ನಿಂತ ಮೇಲೆ ಎರಡು ಕ್ಷಣ ನಿಲ್ಲಲಿ. ಮೊಣಕಾಲು ಒಳಕ್ಕೆ ವಾಲುತ್ತಿದ್ದರೆ ಹೇಳಿ ಸರಿಪಡಿಸಿ. ಇನ್ನು ಕೂರುವುದು. ಏಳುವುದಕ್ಕಿಂತ ಇದರಲ್ಲೇ ಜಾಸ್ತಿ ಲಾಭ ಇದೆ, ಜನ ಇದನ್ನೇ ಹಾಳು ಮಾಡುತ್ತಾರೆ. ಮೂಟೆ ಇಳಿಸಿದ ಹಾಗೆ ಧೊಪ್ಪನೆ ಕೂತರೆ ತೊಡೆಗೆ ಕೆಲಸವೇ ಇಲ್ಲ, ಬೆನ್ನುಮೂಳೆಗೆ ಮಾತ್ರ ಏಟು. ಸೊಂಟ ಹಿಂದಕ್ಕೆ ಒಯ್ದು, ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಾ ಇಳಿಯಬೇಕು. ಕೊನೆಯ ನಾಲ್ಕು ಬೆರಳಿನಷ್ಟು ಎತ್ತರದಲ್ಲಿ ಕಾಲು ನಡುಗುತ್ತದೆ. ನಡುಗಲಿ. ತೊಡೆ ಗಟ್ಟಿಯಾಗುವುದು ಅಲ್ಲೇ.

ಸುತರಾಂ ಆಗದವರಿಗೆ ಕಂಬಳಿ ಮಡಚಿ ಕುರ್ಚಿಯ ಮೇಲೆ ಹಾಕಿ ಎತ್ತರ ಮಾಡಿ. ಮೆತ್ತನೆ ದಿಂಬು ಹಾಕಬೇಡಿ, ಹುಗಿದು ಹೋಗುತ್ತಾರೆ. ಕೈಯನ್ನು ಮೊದಲು ಕುರ್ಚಿಯ ಕೈಗೆ ಊರಲಿ, ಆಮೇಲೆ ತೊಡೆಗೆ, ಕೊನೆಗೆ ಎದೆಗೆ ಕಟ್ಟಿಕೊಳ್ಳಲಿ. ಐದು ಸಲ ಮಾಡಿ ಎರಡು ನಿಮಿಷ ಸುಧಾರಿಸಿಕೊಂಡು ಮತ್ತೆ ಐದು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ನಾನು ಹೇಳುವ ಸಮಯ ಬೆಳಗಿನ ಕಾಫಿ ಆಗಿ ಅರ್ಧ ಗಂಟೆಗೆ. ಸಂಜೆಗೆ ಇಟ್ಟರೆ ಯಾವತ್ತೂ ನಡೆಯುವುದಿಲ್ಲ.

ಹಂತ 5: ಕಷ್ಟ ಏರಿಸುತ್ತಾ ಹೋಗಿ

12 ಸಲ ಸಲೀಸಾಗಿ ಬಂದರೆ ಕಂಬಳಿ ತೆಗೆಯಿರಿ. ಮತ್ತೆ ಸಲೀಸಾದರೆ ಒಂದು ಕಿಲೋ ಅಕ್ಕಿಯ ಪೊಟ್ಟಣವನ್ನು ಎದೆಗೆ ಅಪ್ಪಿಕೊಂಡು ಮಾಡಲಿ. ಆಮೇಲೆ ಎರಡು ಕಿಲೋ. ಕೊನೆಯ ಎರಡು ಸಲ ಕಷ್ಟ ಅನ್ನಿಸಲೇಬೇಕು. "ಪಾಪ, ಸುಮ್ನೆ ಹಗುರವಾಗಿ ಮಾಡಿಸಿ" ಎನ್ನುವವರಿಗೆ ನಾನು ಆಸ್ಟ್ರೇಲಿಯಾದ ಒಂದು ಪ್ರಯೋಗ ಹೇಳುತ್ತೇನೆ. 2005ರಲ್ಲಿ ಪ್ರಕಟವಾದದ್ದು. ಖಿನ್ನತೆ ಇದ್ದ, 60 ದಾಟಿದ 60 ಜನ. 8 ವಾರದ ನಂತರ ನೋಡಿದರೆ, ಹೆಚ್ಚು ಭಾರ ಎತ್ತಿದವರಲ್ಲಿ ಶೇ 61 ಜನರ ಖಿನ್ನತೆಯ ಲಕ್ಷಣ ಅರ್ಧಕ್ಕೆ ಇಳಿದಿತ್ತು. ಹಗುರ ಭಾರದವರಲ್ಲಿ ಅಷ್ಟು ಇಳಿದದ್ದು ಶೇ 29 ಜನರಿಗೆ. ಡಾಕ್ಟರ ಎಂದಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇ 21. ಅಲ್ಲಿ ತರಬೇತಿದಾರರು ಪಕ್ಕದಲ್ಲಿದ್ದರು. ಮನೆಯಲ್ಲಿ ನಿಧಾನವಾಗಿ ಏರಿಸಿ, ಆದರೆ ಏರಿಸಿ.

ಕಾಲಿಗೆ ನಡುಕ ಕೊಡುವ ಮಸಾಜ್ ಮಷಿನ್‌ಗಳನ್ನು ಮಕ್ಕಳು ಹಬ್ಬಕ್ಕೆ ತಂದು ಕೊಡುತ್ತಾರೆ. ಹಿತ ಅನ್ನಿಸಬಹುದು, ಶಕ್ತಿ ಬರುವುದಿಲ್ಲ. ಸ್ನಾಯು ತಾನೇ ದುಡಿಯಬೇಕು. ಆ ದುಡ್ಡಿಗೆ ಬಚ್ಚಲಿಗೆ ಎರಡು ಕಂಬಿ ಹಾಕಿಸಿ.

ಹಂತ 6: ಜೊತೆಗೆ ಇನ್ನೆರಡು

ಕಿಟಕಿ ಕಂಬಿ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಗೋಡೆಗೆ ಕೈಯೂರಿ ತಳ್ಳುವುದು, ಹತ್ತು ಹತ್ತು ಸಲ. ಇಷ್ಟು ಸಾಕು.

ಹಂತ 7: ತಟ್ಟೆ ನೋಡಿ

ರಾತ್ರಿ ಗಂಜಿ, ಉಪ್ಪಿನಕಾಯಿ ಸಾಕು ಎನ್ನುವ ಅಜ್ಜಿಯರು ಬಹಳ. ಇದರಿಂದ ಸ್ನಾಯು ಬೆಳೆಯುವುದಿಲ್ಲ. ಹಿರಿಯರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ಇದ್ದವರಿಗೆ 50ರಿಂದ 60 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಬೆಳಗಿನ ಅಕ್ಕಿ ರೊಟ್ಟಿಯ ಜೊತೆ ಮೊಟ್ಟೆ, ಮಧ್ಯಾಹ್ನ ಮೀನು ಅಥವಾ ಹೆಸರುಕಾಳಿನ ಸಾರು, ರಾತ್ರಿ ಮೊಸರು ಇರಲಿ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಹೆಚ್ಚಿಸಿ. ಪೌಡರ್ ಡಬ್ಬಿ ಕೊಳ್ಳುವ ಮುಂಚೆ ಹಿಂದೆ ಬರೆದಿರುವುದನ್ನು ಓದಿ. ಎಷ್ಟೋ ಡಬ್ಬಿಗಳಲ್ಲಿ ಸಕ್ಕರೆಯೇ ಜಾಸ್ತಿ.

ಹಂತ 8: ಮನಸ್ಸಿನ ಮೇಲೂ ಕಣ್ಣಿಡಿ

ಎರಡು ವಾರ ದಾಟಿದರೂ ಯಾವುದರಲ್ಲೂ ಆಸೆ ಇಲ್ಲ, ಊಟ ಸೇರದು, ನಸುಕಿನಲ್ಲೇ ಎಚ್ಚರ ಎಂದಾದರೆ ವ್ಯಾಯಾಮವನ್ನೇ ನಂಬಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಮಾತ್ರೆ ಕೊಟ್ಟಿದ್ದರೆ "ಈಗ ಓಡಾಡುತ್ತಾರಲ್ಲ" ಎಂದು ನೀವಾಗಿ ನಿಲ್ಲಿಸಬೇಡಿ. "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ಗದರಬೇಡಿ. ಪಕ್ಕ ಕೂತು ಕೇಳಿಸಿಕೊಳ್ಳಿ, ಅವರನ್ನು ಒಬ್ಬರನ್ನೇ ಬಿಡಬೇಡಿ, ಅವತ್ತೇ ಸಹಾಯ ಕೇಳಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ. ಕನ್ನಡದಲ್ಲೇ ಮಾತಾಡಬಹುದು.

ಹಂತ 9: ಮೆಟ್ಟಿಲು

ಮಳೆ ಬಿಟ್ಟು ಅಂಗಳ ಒಣಗಿದ ಮೇಲೆ, ಪಾಚಿಯನ್ನು ಗಟ್ಟಿ ಪೊರಕೆಯಲ್ಲಿ ಉಜ್ಜಿ ತೆಗೆದು, ಜಗಲಿಯ ಮೆಟ್ಟಿಲಿಗೆ ಕರೆದುಕೊಂಡು ಬನ್ನಿ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಹತ್ತುವಾಗ ನೀವು ಅವರ ಹಿಂದೆ ಇರಿ. ಇಳಿಯುವಾಗ ಮುಂದೆ, ಒಂದು ಮೆಟ್ಟಿಲು ಕೆಳಗೆ. ಕಂಬಿಯನ್ನು ಅವರು ಹಿಡಿಯಲಿ, ಅವರನ್ನು ನೀವು ಹಿಡಿಯಬೇಡಿ. ಕೆಳಗೆ ಇಳಿದ ಮೇಲೆ ಕಾಳುಮೆಣಸಿನ ಬಳ್ಳಿ ಹೇಗಿದೆ, ಕಾಫಿ ಕಾಯಿ ಎಷ್ಟು ಉದುರಿದೆ ಎಂದು ಅವರನ್ನೇ ಕೇಳಿ.