ಫ್ರಿಜ್ಜಿನಲ್ಲಿ ಕೊಳಕುಮಂಡಲದ ವಿಷ

ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಗ, ಹಾವು ಕಚ್ಚಿದವರು ಬಂದರೆ ನಾವು ಮೊದಲು ಮಾಡುತ್ತಿದ್ದದ್ದು ‘ಇಪ್ಪತ್ತು ನಿಮಿಷದ ಟೆಸ್ಟ್’. ಹೊಸ, ಒಣ ಗಾಜಿನ ಟ್ಯೂಬಿಗೆ 2 ಎಂ.ಎಲ್. ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ಒಮ್ಮೆ ಬಾಗಿಸಿ, ಹೆಪ್ಪುಗಟ್ಟಿದೆಯಾ ಎಂದು ನೋಡಬೇಕು. ಪ್ಲಾಸ್ಟಿಕ್ ಟ್ಯೂಬ್ ಆಗದು, ಸೋಪಿನಪುಡಿಯಲ್ಲಿ ತೊಳೆದ ಗಾಜೂ ಆಗದು; ಹೆಪ್ಪುಗಟ್ಟಲು ಚಾಲನೆ ಕೊಡುವುದೇ ಗಾಜಿನ ಮೈ. ಕೊಳಕುಮಂಡಲ ಕಚ್ಚಿದ್ದರೆ ಎಷ್ಟೋ ಸಲ ರಕ್ತ ನೀರಿನ ಹಾಗೆ ಜಾರುತ್ತಿತ್ತು. ಡಾಕ್ಟರು ಎ.ಎಸ್.ವಿ. (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಕೊಟ್ಟ ಮೇಲೆ ಆರು ಗಂಟೆ ಬಿಟ್ಟು ಮತ್ತೆ ಅದೇ ಟೆಸ್ಟ್.

ಈಗ ನಾನಿರುವ ಲ್ಯಾಬಿಗೆ ಅದೇ ಹಾವಿನ ವಿಷ ಪುಡಿಯಾಗಿ ಸೀಸೆಯಲ್ಲಿ ಬರುತ್ತದೆ. ಕರಗಿಸಿ ಆರೋಗ್ಯವಂತರ ಪ್ಲಾಸ್ಮಾಕ್ಕೆ (ಕಣಗಳನ್ನು ತೆಗೆದ ರಕ್ತದ ದ್ರವ) ಬೆರೆಸಿದರೆ ಅರ್ಧ ನಿಮಿಷದ ಆಸುಪಾಸಿಗೆ ಹೆಪ್ಪು! ಅಲ್ಲಿ ಕಟ್ಟದ ರಕ್ತ ಇಲ್ಲೇಕೆ ಕಟ್ಟುತ್ತದೆ ಎಂದು ಹೊಸದಾಗಿ ಸೇರಿದವರು ಕೇಳದೆ ಬಿಡುವುದಿಲ್ಲ. ವಿಷದ ಕಿಣ್ವ, ಹೆಪ್ಪು ಕಟ್ಟಿಸುವ ರಕ್ತದ ಪ್ರೋಟೀನುಗಳಲ್ಲೊಂದಾದ ‘ಫ್ಯಾಕ್ಟರ್ ಟೆನ್’ ಅನ್ನು ಎಬ್ಬಿಸುತ್ತದೆ. ಟ್ಯೂಬಿನಲ್ಲಿ ಅದು ಒಂದು ಹೆಪ್ಪಿಗೆ ಮುಗಿಯಿತು. ಮೈಯೊಳಗಾದರೆ ಎಲ್ಲೆಲ್ಲೂ ಸಣ್ಣ ಹೆಪ್ಪು ಕಟ್ಟುತ್ತ, ಕರಗುತ್ತ, ಕಟ್ಟಿಸುವ ಸಾಮಗ್ರಿಯೇ ಖಾಲಿಯಾಗುತ್ತದೆ.

ಈ ಕಿಣ್ವ ಹಾವಿಗೆ ಎಲ್ಲಿಂದಲೋ ಬಂದದ್ದಲ್ಲ. ನಮ್ಮ ಮೈಯಲ್ಲೂ ಇರುವ ‘ಅಡಾಮ್’ ಪ್ರೋಟೀನು ಕುಟುಂಬದ ಜೀನೊಂದು ಹಾವಿನ ಪೂರ್ವಜರಲ್ಲಿ ನಕಲಾಗಿ, ಆ ನಕಲು ವಿಷಗ್ರಂಥಿಯಲ್ಲಿ ಕೆಲಸಕ್ಕೆ ನಿಂತಿತು. ಮತ್ತೆ ಮತ್ತೆ ನಕಲಾಗಿ, ಬದಲಾಗಿ ಈಗಿನ ರೂಪಕ್ಕೆ ಬಂತು. ಇದರಿಂದ ಉಪಯೋಗವಿದೆಯೆಂದು 1934ರಲ್ಲೇ ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ ತೋರಿಸಿದ್ದರು: ತೆಳುವಾಗಿಸಿದ ವಿಷವನ್ನು ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇದ್ದವರ ಗಾಯಕ್ಕೆ ಹಚ್ಚಿ ರಕ್ತ ನಿಲ್ಲಿಸಿದರು.

ನಾನು ಆ ವಿಷವನ್ನು ಬಳಸುವುದು ‘ಲೂಪಸ್ ಆ್ಯಂಟಿಕೋಯಾಗ್ಯುಲಂಟ್’ ಎಂಬ ಪ್ರತಿಕಾಯವನ್ನು ಹುಡುಕಲು. ಮೇಲಿಂದ ಮೇಲೆ ಗರ್ಭಪಾತವಾದ ಹೆಂಗಸರು, ಚಿಕ್ಕ ವಯಸ್ಸಿಗೇ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದವರು ಇದಕ್ಕೆ ಬರುತ್ತಾರೆ. ಅವರ ರಕ್ತದಲ್ಲಿರುವ ಈ ಪ್ರತಿಕಾಯ ಮೈಯೊಳಗೆ ಹೆಪ್ಪು ಕಟ್ಟಿಸಿದರೂ, ಟ್ಯೂಬಿನಲ್ಲಿ ಮಾತ್ರ ಹೆಪ್ಪಿಗೆ ಬೇಕಾದ ಕೊಬ್ಬಿನಂಥ ಫಾಸ್ಫೋಲಿಪಿಡ್‌ಗೆ ಅಂಟಿಕೊಂಡು ಹೆಪ್ಪನ್ನು ತಡಮಾಡುತ್ತದೆ. ಫಾಸ್ಫೋಲಿಪಿಡ್ ಧಾರಾಳವಾಗಿ ಹಾಕಿದಾಗ ಸಮಯ ಇಳಿದರೆ ಸಂಶಯ ಗಟ್ಟಿಯಾಯಿತು. ಪ್ಲಾಸ್ಮಾವನ್ನು ಎರಡು ಸಲ ಸೆಂಟ್ರಿಫ್ಯೂಜಿನಲ್ಲಿ (ರಭಸವಾಗಿ ತಿರುಗಿಸಿ ಕಣಗಳನ್ನು ಬೇರ್ಪಡಿಸುವ ಯಂತ್ರ) ಹಾಕಲೇಬೇಕು, ಇದರಲ್ಲಿ ನನ್ನದು ಹಟ. ಪ್ಲೇಟ್‌ಲೆಟ್ ಉಳಿದರೆ ಅದರ ಫಾಸ್ಫೋಲಿಪಿಡ್ ಪ್ರತಿಕಾಯವನ್ನು ಮರೆಮಾಚುತ್ತದೆ, ಪಾಸಿಟಿವ್ ಇರುವವರೂ ನೆಗೆಟಿವ್ ಆಗಿ ಹೋಗುತ್ತಾರೆ. ಹೆಪ್ಪು ತಡೆಯುವ ಔಷಧಿಗಳಾದ ವಾರ್ಫರಿನ್, ಹೆಪಾರಿನ್ ತೆಗೆದುಕೊಳ್ಳುತ್ತಿದ್ದಾರಾ ಎಂದೂ ಮೊದಲೇ ಕೇಳಿ ಬರೆದುಕೊಳ್ಳುತ್ತೇನೆ.

ಪಾಸಿಟಿವ್ ಬಂದ ಕೂಡಲೇ ರೋಗದ ಹೆಸರು ಅಂಟಿಸುವಂತಿಲ್ಲ. ಸೋಂಕು ತಗುಲಿದಾಗಲೂ ಈ ಪ್ರತಿಕಾಯ ಕೆಲಕಾಲ ತಲೆಯೆತ್ತಿ ಮಾಯವಾಗುವುದುಂಟು. ಹಾಗಾಗಿ ರಿಪೋರ್ಟಿನ ಕೊನೆಗೆ ‘12 ವಾರದ ನಂತರ ಮತ್ತೊಮ್ಮೆ’ ಎಂದು ಬರೆದೇ ಕೊಡುತ್ತೇವೆ.