ಮೊದಲು ವಾಕ್ಯ, ಆಮೇಲೆ ಕೃತಿ: ವಿರಾಜಪೇಟೆಯಲ್ಲಿ ಬೈಬಲ್ ಓದಿಸಿದ ನನ್ನ ಅನುಭವ

ಕನ್ನಡ ಶಾಲೆಗಳಲ್ಲಿ ಹಲವು ತಲೆಮಾರುಗಳಿಂದ ಹಾಡಿಕೊಂಡು ಬಂದಿರುವ ‘ಕರುಣಾಳು, ಬಾ, ಬೆಳಕೆ’ ಎಂಬ ಗೀತೆ ಬಿ.ಎಂ. ಶ್ರೀಕಂಠಯ್ಯನವರದೆಂದು ನನ್ನ ತರಗತಿಗೆ ಬರುವ ಪದವಿ ವಿದ್ಯಾರ್ಥಿಗಳಿಗೆ ಗೊತ್ತಿರುತ್ತದೆ. ಅದರ ಮೂಲವನ್ನು ಇಂಗ್ಲೆಂಡಿನ ಪಾದ್ರಿ ಜಾನ್ ಹೆನ್ರಿ ನ್ಯೂಮನ್ 1833ರಲ್ಲಿ ಹಡಗಿನ ಪ್ರಯಾಣದ ನಡುವೆ ಬರೆದನೆಂಬುದೂ ಕೆಲವರಿಗೆ ಗೊತ್ತಿರುತ್ತದೆ. ಮುಂದೆ ಆ ಕವಿತೆಯನ್ನು ತನ್ನ ಸಂಕಲನಕ್ಕೆ ಸೇರಿಸುವಾಗ ನ್ಯೂಮನ್ ಅದಕ್ಕೆ ‘ಮೇಘಸ್ತಂಭ’ ಎಂಬ ಹೆಸರಿಟ್ಟನೆಂಬುದನ್ನೂ, ಈಜಿಪ್ಟಿನ ದಾಸ್ಯದಿಂದ ಹೊರಟ ಇಸ್ರಾಯೇಲರಿಗೆ ಹಗಲಿನಲ್ಲಿ ಮೋಡದ ಕಂಬವಾಗಿ, ಇರುಳಿನಲ್ಲಿ ಬೆಂಕಿಯ ಕಂಬವಾಗಿ ದೇವರು ದಾರಿ ತೋರಿದ ಪ್ರಸಂಗ ಬೈಬಲ್‌ನ ವಿಮೋಚನಕಾಂಡದ 13ನೇ ಅಧ್ಯಾಯದಲ್ಲಿದೆ ಎಂಬುದನ್ನೂ ಹೇಳಬಲ್ಲವರು ಮಾತ್ರ ಅಪರೂಪ. ಮುಂದಿನ ಒಂದು ಹೆಜ್ಜೆ ಕಂಡರೆ ಸಾಕು ಎಂಬ ಅದರ ಪ್ರಾರ್ಥನೆಯನ್ನು 16ನೇ ಅಧ್ಯಾಯದಲ್ಲಿ ಬರುವ ಮನ್ನದ, ಅಂದರೆ ಮರುಭೂಮಿಯಲ್ಲಿ ದೇವರು ಕೊಟ್ಟ ಆಹಾರದ, ಕಥೆಯ ಪಕ್ಕದಲ್ಲಿಟ್ಟು ಓದಿದರೆ ಗೀತೆಗೆ ಇನ್ನೊಂದು ಆಳ ದೊರೆಯುತ್ತದೆ. ಅಂದಂದಿನ ಆಹಾರವನ್ನು ಅಂದಂದೇ ಕೂಡಿಸಿಕೊಳ್ಳಬೇಕು, ನಾಳೆಗೆಂದು ಉಳಿಸಿದ್ದು ಹುಳುಬೀಳುತ್ತದೆ ಎಂದು ಅಲ್ಲಿ ಹೇಳಿದೆ. ನ್ಯೂಮನ್ ಈ ಕಥೆಯನ್ನೇ ನೆನೆದು ಬರೆದನೆಂದು ನಾನು ವಾದಿಸುವುದಿಲ್ಲ. ಆದರೆ ಮರುಭೂಮಿಯ ಆ ಪಯಣವನ್ನು ಓದಿದವರ ಕಿವಿಗೆ ಗೀತೆ ಬೇರೆಯಾಗಿ ಕೇಳುತ್ತದೆ ಎಂಬುದನ್ನು ತರಗತಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಕೊಡಗಿನ ವಿರಾಜಪೇಟೆಯ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ನಾನು, ಪಾಠದ ಹೊತ್ತಿನ ಆಚೆಗೆ ಆಸಕ್ತ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಓದಿನ ಕೂಟವೊಂದನ್ನು ಆರಂಭಿಸಿದ್ದು ಈ ಕೊರತೆಯನ್ನು ತುಂಬುವುದಕ್ಕಾಗಿ. ಬೈಬಲ್ ಸಾಹಿತ್ಯ, ಚಿತ್ರ, ಸಂಗೀತ, ವಿದ್ವತ್ತುಗಳ ಮೇಲೆ ಬೀರಿದ ಪ್ರಭಾವವನ್ನು ಕುರಿತ ಉಪನ್ಯಾಸಗಳು ಸಾಮಾನ್ಯವಾಗಿ ಹೆಸರುಗಳ ಪಟ್ಟಿಯಾಗಿಬಿಡುತ್ತವೆ. ಮಿಲ್ಟನ್, ಮೈಕೆಲೇಂಜಲೊ, ಬಾಖ್ ಎಂದು ಬರೆದುಕೊಂಡ ವಿದ್ಯಾರ್ಥಿಯ ಕೈಯಲ್ಲಿ ಕೊನೆಗೆ ಪಟ್ಟಿಯೊಂದೇ ಉಳಿಯುತ್ತದೆ. ಆದ್ದರಿಂದ ನಾನು ಒಂದೇ ನಿಯಮವನ್ನು ಇಟ್ಟುಕೊಂಡೆ: ಮೊದಲು ಬೈಬಲ್‌ನ ಆಯಾ ಭಾಗವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಬೇಕು, ಅದು ಮನಸ್ಸಿನಲ್ಲಿ ನಿಂತ ಮೇಲೆ ಮಾತ್ರ ಅದರಿಂದ ಹುಟ್ಟಿದ ಕೃತಿಯನ್ನು ನೋಡಬೇಕು ಅಥವಾ ಕೇಳಬೇಕು, ಕೃತಿಕಾರನು ಮೂಲವನ್ನು ಎಲ್ಲಿ ಬಿಟ್ಟು ನಡೆದಿದ್ದಾನೆ ಎಂಬುದನ್ನು ಆಮೇಲೆ ಹುಡುಕಬೇಕು. ಪ್ರಭಾವದ ನಿಜವಾದ ಚರ್ಚೆ ಆರಂಭವಾಗುವುದು ಆ ಬಿಟ್ಟು ನಡೆದ ಜಾಗದಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೂಟವನ್ನು ಮಳೆಗಾಲದಲ್ಲಿಯೇ ನಡೆಸುತ್ತೇನೆ. ಕಾಫಿ ಕುಯ್ಲು ಆರಂಭವಾದರೆ ಬೆಳೆಗಾರರ ಮಕ್ಕಳೂ ಲೈನ್‌ಮನೆಗಳಿಂದ ಬರುವ ಕೂಲಿಕಾರರ ಮಕ್ಕಳೂ ತೋಟದ ಕೆಲಸಕ್ಕೆ ಬೇಕಾಗುತ್ತಾರೆ. ಬರುವವರಲ್ಲಿ ಕೊಡವರು, ಅರೆಭಾಷೆ ಗೌಡರು, ಮಾಪಿಳ್ಳೆಗಳು, ಕ್ರೈಸ್ತರು, ತಮಿಳು ಮತ್ತು ಮಲೆಯಾಳ ಮಾತಾಡುವ ಮನೆಗಳವರು ಎಲ್ಲರೂ ಇರುತ್ತಾರೆ. ಆದಿಕಾಂಡದ ಯೋಸೇಫನ ಕಥೆಯನ್ನು ಓದಿದಾಗ, ಸಹೋದರರು ಅವನನ್ನು ಗುಂಡಿಗೆ ತಳ್ಳಿದ ಭಾಗ ಬರುವ ಮೊದಲೇ ಮಾಪಿಳ್ಳೆ ವಿದ್ಯಾರ್ಥಿನಿಯೊಬ್ಬಳು ಯೂಸುಫ್ ಪ್ರವಾದಿಯ ಕಥೆಯನ್ನು ಪೂರ್ತಿ ಹೇಳಿಬಿಟ್ಟಳು. ಕುರ್‌ಆನ್‌ನ 12ನೇ ಅಧ್ಯಾಯಕ್ಕೂ ಆದಿಕಾಂಡದ ಕೊನೆಯ ಅಧ್ಯಾಯಗಳಿಗೂ ಇರುವ ಹೋಲಿಕೆ ಮತ್ತು ಅಂತರಗಳೇ ಅಂದಿನ ಪಾಠವಾದವು. ಅಂತಹ ಓದನ್ನು ನಾನೊಬ್ಬನೇ ಕೂತು ಸಿದ್ಧಪಡಿಸಲು ಸಾಧ್ಯವಿರಲಿಲ್ಲ.

ಮನೆಗಳಲ್ಲಿ ಅನುಮಾನಗಳು ಎದ್ದದ್ದು ಸಹಜ. ಒಬ್ಬ ವಿದ್ಯಾರ್ಥಿಯ ತಂದೆ, ಅಮ್ಮತ್ತಿಯ ಕಡೆಯ ಕಾಫಿ ಬೆಳೆಗಾರರು, ಕಾಲೇಜಿಗೇ ಬಂದು, “ಮೇಷ್ಟ್ರೇ, ನಮ್ಮ ಮಕ್ಕಳಿಗೆ ಇದನ್ನು ಓದಿಸುವುದು ಯಾತಕ್ಕೆ?” ಎಂದು ನೇರವಾಗಿ ಕೇಳಿದರು. ಗ್ರೀಕ್ ಪುರಾಣವನ್ನು ಓದಿಸುವ ಕಾರಣಕ್ಕೇ ಇದನ್ನೂ ಓದಿಸುತ್ತೇನೆ, ನಂಬಿಕೆಯ ವಿಚಾರ ಆಯಾ ಮನೆಗೆ ಸೇರಿದ್ದು ಎಂದು ವಿವರಿಸಿ, ಅಂದಿನ ಓದಿಗೆ ಅವರೂ ಕುಳಿತಿರಬೇಕೆಂದು ವಿನಂತಿಸಿದೆ. ಅವರು ಕುಳಿತರು. ಅಂದು, ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಲೂಕನ ಸುವಾರ್ತೆಯ 15ನೇ ಅಧ್ಯಾಯವಿತ್ತು. ಕಿರಿಯ ಮಗನು ತಂದೆ ಬದುಕಿರುವಾಗಲೇ ಆಸ್ತಿಯಲ್ಲಿ ತನ್ನ ಪಾಲು ಕೇಳಿ ಪಡೆದು, ದೂರದೇಶದಲ್ಲಿ ಅದನ್ನೆಲ್ಲ ಹಾಳುಮಾಡಿ, ಹಂದಿ ಮೇಯಿಸುವ ಸ್ಥಿತಿಗೆ ಇಳಿದು ಹಿಂದಿರುಗುತ್ತಾನೆ. ತಂದೆ ಓಡಿ ಹೋಗಿ ಅಪ್ಪಿಕೊಳ್ಳುತ್ತಾನೆ. ಹೊಲದಿಂದ ಬಂದ ಹಿರಿಯ ಮಗನು ಸಿಟ್ಟಾಗಿ ಮನೆಯೊಳಗೆ ಕಾಲಿಡಲು ಒಪ್ಪುವುದಿಲ್ಲ. ಕೊಡಗಿನಲ್ಲಿ ಈ ಕಥೆಯ ಮೊದಲ ಸಾಲೇ ಕೇಳುವವರನ್ನು ತಟ್ಟುತ್ತದೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಒಬ್ಬನದಲ್ಲ, ಇಡೀ ಒಕ್ಕದ್ದು, ಅಂದರೆ ಕುಲಮನೆತನದ್ದು ಎಂಬ ವ್ಯವಸ್ಥೆಯಲ್ಲಿ ಬೆಳೆದವರಿಗೆ, ಹಿರಿಯರು ಇರುವಾಗಲೇ ಪಾಲು ಕೇಳುವುದರ ಗಾಂಭೀರ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಓದು ಮುಗಿದಾಗ ಆ ಹಿರಿಯರೇ ಎಲ್ಲರಿಗಿಂತ ಮೊದಲು ಮಾತಾಡಿದರು: “ದೊಡ್ಡ ಮಗ ಕೊನೆಗೆ ಒಳಗೆ ಹೋದನೋ ಇಲ್ಲವೋ, ಅದನ್ನು ಬರೆದೇ ಇಲ್ಲವಲ್ಲ ಮೇಷ್ಟ್ರೇ?”

ಆ ಪ್ರಶ್ನೆ ಎದ್ದ ಮೇಲೆಯೇ ಡಚ್ ಚಿತ್ರಕಾರ ರೆಂಬ್ರಾಂಟ್ ತನ್ನ ಬದುಕಿನ ಕೊನೆಯ ವರ್ಷಗಳಲ್ಲಿ ಬಿಡಿಸಿದ, ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟಾಜ್ ಸಂಗ್ರಹಾಲಯದಲ್ಲಿರುವ ಚಿತ್ರದ ಪ್ರತಿಯನ್ನು ಗೋಡೆಗೆ ಅಂಟಿಸಿದೆ. ಬೋಳುತಲೆಯ ಮಗ ಮೊಣಕಾಲೂರಿದ್ದಾನೆ, ಸವೆದ ಪಾದರಕ್ಷೆಯೊಂದು ಕಾಲಿನಿಂದ ಕಳಚಿದೆ, ಮುದುಕ ತಂದೆಯ ಎರಡೂ ಕೈಗಳು ಅವನ ಬೆನ್ನಿನ ಮೇಲಿವೆ. ಬಲಗಡೆ ಕೆಂಪು ಮೇಲುಹೊದಿಕೆ ತೊಟ್ಟು, ಕೈಕಟ್ಟಿಕೊಂಡು ನೆಟ್ಟಗೆ ನಿಂತಿರುವ ಎತ್ತರದ ಮನುಷ್ಯನನ್ನು ಹಿರಿಯ ಮಗನೆಂದು ಗುರುತಿಸುವುದು ರೂಢಿ. ಸುವಾರ್ತೆಯ ಪ್ರಕಾರ ಆ ಗಳಿಗೆಯಲ್ಲಿ ಅವನು ಹೊಲದಲ್ಲಿರಬೇಕು. ರೆಂಬ್ರಾಂಟ್ ಅವನನ್ನು ಕರೆತಂದು ಕ್ಷಮೆಗೆ ಸಾಕ್ಷಿಯಾಗಿ ನಿಲ್ಲಿಸಿದ್ದಾನೆ. ಬೆಳಕು ಅವನ ಮುಖದ ಮೇಲೂ ಬಿದ್ದಿದೆ, ಆದರೆ ಅವನು ಒಂದು ಹೆಜ್ಜೆಯನ್ನೂ ಮುಂದಿಟ್ಟಿಲ್ಲ. ಕಥೆಯಲ್ಲಿ ತೆರೆದೇ ಉಳಿದ ಪ್ರಶ್ನೆಯನ್ನು ಚಿತ್ರವು ಇಬ್ಬರ ನಡುವಣ ಖಾಲಿ ಜಾಗವಾಗಿ ಮಾರ್ಪಡಿಸಿದೆ ಎಂದು ವಿದ್ಯಾರ್ಥಿಯೊಬ್ಬ ಬರೆದುಕೊಟ್ಟ ಟಿಪ್ಪಣಿಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ಮೂಲವನ್ನು ಓದದೆ ಚಿತ್ರವನ್ನಷ್ಟೇ ನೋಡಿದ್ದರೆ ಆ ವಾಕ್ಯ ಹುಟ್ಟುತ್ತಿರಲಿಲ್ಲ.

ನಮ್ಮ ಊರಿನಲ್ಲಿಯೇ ಇರುವ ಸಂತ ಅನ್ನಮ್ಮನವರ ಚರ್ಚ್ ನನಗೆ ಇನ್ನೊಂದು ಬಗೆಯ ಪಾಠವನ್ನು ಒದಗಿಸಿತು. ಕೊಡಗಿನ ಅರಸ ದೊಡ್ಡವೀರರಾಜೇಂದ್ರನು ಕಥೋಲಿಕ ಕ್ರೈಸ್ತರಿಗೆ ಆಶ್ರಯವನ್ನೂ ಭೂಮಿಯನ್ನೂ ಕೊಟ್ಟದ್ದರಿಂದ 1792ರಲ್ಲಿ ಸ್ಥಾಪನೆಯಾದ ದೇವಾಲಯ ಅದು. ಅನ್ನಮ್ಮನವರು ಯೇಸುವಿನ ತಾಯಿ ಮರಿಯಳ ತಾಯಿ ಎಂದು ತಿಳಿಸಿ, ಅವರ ಕಥೆ ಬೈಬಲ್‌ನಲ್ಲಿ ಎಲ್ಲಿದೆಯೆಂದು ಹುಡುಕಿ ತರುವಂತೆ ವಿದ್ಯಾರ್ಥಿಗಳಿಗೆ ಹೇಳಿದೆ. ಪ್ರೊಟೆಸ್ಟಂಟರ 66 ಪುಸ್ತಕಗಳಲ್ಲಿಯೂ, ಕಥೋಲಿಕರ 73 ಪುಸ್ತಕಗಳಲ್ಲಿಯೂ ಅದು ಸಿಗುವುದಿಲ್ಲ. ಅದು ಇರುವುದು ಬೈಬಲ್‌ನ ಅಂಗೀಕೃತ ಪುಸ್ತಕಗಳ ಹೊರಗೆ ಉಳಿದ, ಎರಡನೇ ಶತಮಾನದ ‘ಯಾಕೋಬನ ಆದಿ ಸುವಾರ್ತೆ’ ಎಂಬ ಗ್ರಂಥದಲ್ಲಿ. ಮಕ್ಕಳಿಲ್ಲದ ದಂಪತಿಗಳಾದ ಯೋವಾಕೀಮ್ ಮತ್ತು ಅನ್ನ ದೇವರಲ್ಲಿ ಮೊರೆಯಿಡುತ್ತಾರೆ. ಹುಟ್ಟುವ ಮಗುವನ್ನು ದೇವರ ಸೇವೆಗೇ ಒಪ್ಪಿಸುತ್ತೇನೆಂದು ಅನ್ನ ಹರಕೆ ಹೊರುತ್ತಾಳೆ. ಇದರ ಹಿಂದೆ ಸಮುವೇಲನ ಮೊದಲನೆಯ ಗ್ರಂಥದ ಆರಂಭದಲ್ಲಿ ಬರುವ ಹನ್ನಳ ಕಥೆಯ ಅಚ್ಚು ಸ್ಪಷ್ಟವಾಗಿ ಕಾಣುತ್ತದೆ. ಆ ಹನ್ನ ಮಗನನ್ನು ಪಡೆದು ಹಾಡಿದ ಸ್ತೋತ್ರದ ಧ್ವನಿಯೇ ಲೂಕನ ಸುವಾರ್ತೆಯ ಮರಿಯಳ ಹಾಡಿನಲ್ಲಿ ಮರುಕಳಿಸುತ್ತದೆ. ಸುಮಾರು 1305ರ ಹೊತ್ತಿಗೆ ಇಟಲಿಯ ಪಾದುವಾ ನಗರದ ಪ್ರಾರ್ಥನಾ ಮಂದಿರವೊಂದರ ಗೋಡೆಗಳಲ್ಲಿ ಜೊತ್ತೊ ಎಂಬ ಚಿತ್ರಕಾರ ಯೋವಾಕೀಮ್ ಮತ್ತು ಅನ್ನರ ಕಥೆಯನ್ನು ಬಿಡಿಸಿದ. ಊರಬಾಗಿಲಿನಲ್ಲಿ ಆ ವೃದ್ಧ ದಂಪತಿಗಳು ಮುಖಕ್ಕೆ ಮುಖವಿಟ್ಟು ಅಪ್ಪಿಕೊಂಡಿರುವ ದೃಶ್ಯವನ್ನು ನೋಡಿದ ಮೇಲೆ, ಒಂದು ಗ್ರಂಥದ ಪ್ರಭಾವವೆಂದರೆ ಅದರ ಪುಟಗಳ ಪ್ರಭಾವ ಮಾತ್ರವೇ, ಅದರ ಸುತ್ತ ಭಕ್ತರು ಕಟ್ಟಿಕೊಂಡ ಕಥೆಗಳದೂ ಹೌದೇ ಎಂಬ ಪ್ರಶ್ನೆಯನ್ನು ಎಲ್ಲರೂ ಗಂಭೀರವಾಗಿಯೇ ಚರ್ಚಿಸಿದರು. ರಾಮಾಯಣದ ಜನಪದ ರೂಪಗಳನ್ನು ಬಲ್ಲ ನಮಗೆ ಅದು ಅಪರಿಚಿತವಾದ ಪ್ರಶ್ನೆಯೂ ಅಲ್ಲ.

ಬೈಬಲ್‌ನ ಸ್ತೋತ್ರಗೀತೆಗಳಾದ ಕೀರ್ತನೆಗಳನ್ನು ಓದಿಸುವಾಗ ನನಗೆ ನೆರವಾದದ್ದು ಕೊಡವರ ಬಾಳೋಪಾಟ್. ನಾಲ್ವರು ದುಡಿ ಎಂಬ ಪುಟ್ಟ ಚರ್ಮವಾದ್ಯವನ್ನು ಹಿಡಿದು ನಿಂತು, ಇಬ್ಬರು ಹಾಡಿದ ಸಾಲನ್ನು ಉಳಿದಿಬ್ಬರು ಎತ್ತಿಕೊಂಡು ಮುಂದುವರಿಸುವ ಈ ಹಾಡಿಕೆಯನ್ನು ಮದುವೆಮನೆಯಲ್ಲಿಯೂ ಪುತ್ತರಿ ಸುಗ್ಗಿಹಬ್ಬದಲ್ಲಿಯೂ ಕೇಳಿಯೇ ನಮ್ಮ ಮಕ್ಕಳು ಬೆಳೆದಿರುತ್ತಾರೆ. ಹೀಬ್ರೂ ಕಾವ್ಯದಲ್ಲಿ ಒಂದು ಸಾಲು ಹೇಳಿದ್ದನ್ನು ಮರುಸಾಲು ಬೇರೆ ಮಾತಿನಲ್ಲಿ ಎತ್ತಿಕೊಳ್ಳುತ್ತದೆ. ಆಕಾಶವು ದೇವರ ಮಹಿಮೆಯನ್ನು ಸಾರುತ್ತದೆ ಎಂದು ಆರಂಭವಾಗುವ 19ನೇ ಕೀರ್ತನೆ, ಗಗನವು ಆತನ ಕೈಕೆಲಸವನ್ನು ತಿಳಿಸುತ್ತದೆ ಎಂದು ಒಡನೆಯೇ ಮುಂದುವರಿಯುತ್ತದೆ. ನಾನು ತರಗತಿಯನ್ನು ಎರಡು ಪಾಲು ಮಾಡಿ, ಮೊದಲ ಅರ್ಧವನ್ನು ಒಂದು ಗುಂಪಿನಿಂದಲೂ ಮರು ಅರ್ಧವನ್ನು ಇನ್ನೊಂದರಿಂದಲೂ ಓದಿಸಿದೆ. ಆಕ್ಸ್‌ಫರ್ಡಿನ ರಾಬರ್ಟ್ ಲೋತ್ 1753ರಲ್ಲಿ ಪ್ರಕಟಿಸಿದ ತನ್ನ ಉಪನ್ಯಾಸಗಳಲ್ಲಿ ಈ ರಚನೆಯನ್ನು ಶಾಸ್ತ್ರೀಯವಾಗಿ ವಿವರಿಸಿದ್ದನ್ನು ಅನಂತರ ಹೇಳಿದೆ. ಪವಿತ್ರ ಗ್ರಂಥವೆಂದಷ್ಟೇ ಓದುತ್ತಿದ್ದುದನ್ನು ಕಾವ್ಯವೆಂದು ಓದುವ ಪರಿಪಾಠಕ್ಕೆ ಆ ಉಪನ್ಯಾಸಗಳು ದೊಡ್ಡ ಬಲ ಕೊಟ್ಟವು. ಪ್ರಾಸವನ್ನೂ ನಿಯತ ಛಂದಸ್ಸನ್ನೂ ಬಿಟ್ಟ ಅಮೆರಿಕದ ಕವಿ ವಾಲ್ಟ್ ವಿಟ್ಮನ್ನನ ದೀರ್ಘ ಸಾಲುಗಳಲ್ಲಿ ಇದೇ ಜೋಡಿನಡೆಯನ್ನು ಗುರುತಿಸಬಹುದು. ಇದೇ ಕೀರ್ತನೆಯನ್ನು ಆಸ್ಟ್ರಿಯದ ಸಂಗೀತಗಾರ ಹೈಡನ್ 1798ರ ತನ್ನ ‘ಸೃಷ್ಟಿ’ ಎಂಬ ಗಾನರೂಪಕದ ಮೇಳಗಾನವಾಗಿ ಅಳವಡಿಸಿದ್ದನ್ನು ಕೂಟದಲ್ಲಿ ಕೇಳಿಸಿದೆ.

ಅತಿ ಹೆಚ್ಚು ಸಮಯವನ್ನು ನಾನು ಕೊಟ್ಟದ್ದು ಶಿಲುಬೆಯ ಪ್ರಸಂಗಕ್ಕೆ. ದೊಡ್ಡ ಹಾಳೆಯ ಮೇಲೆ ನಾಲ್ಕು ಅಂಕಣಗಳನ್ನು ಎಳೆದು ಮತ್ತಾಯ, ಮಾರ್ಕ, ಲೂಕ, ಯೋಹಾನರ ಸುವಾರ್ತೆಗಳ ಕೊನೆಯ ಗಳಿಗೆಗಳನ್ನು ವಿದ್ಯಾರ್ಥಿಗಳ ಕೈಯಿಂದಲೇ ಪಕ್ಕಪಕ್ಕ ಬರೆಯಿಸಿದೆ. ದೇವರೇ, ನನ್ನನ್ನೇಕೆ ಕೈಬಿಟ್ಟೆ ಎಂಬ ಕೂಗು ಮೊದಲಿನ ಇಬ್ಬರಲ್ಲಿ ಮಾತ್ರ ಇದೆ, ಅದು 22ನೇ ಕೀರ್ತನೆಯ ಮೊದಲ ಮಾತು. ಲೂಕನಲ್ಲಿ ಯೇಸು ತನ್ನ ಆತ್ಮವನ್ನು ತಂದೆಯ ಕೈಗೆ ಒಪ್ಪಿಸುತ್ತಾನೆ. ಯೋಹಾನನಲ್ಲಿ ಎಲ್ಲವೂ ಮುಗಿಯಿತೆಂದು ಹೇಳಿ ತಲೆಬಾಗುತ್ತಾನೆ. ಸುವಾರ್ತೆಗಳನ್ನು ಹೀಗೆ ಅಂಕಣಗಳಲ್ಲಿಟ್ಟು ಹೋಲಿಸುವ ಕ್ರಮವನ್ನು ಗ್ರೀಸ್‌ಬಾಖ್ ಎಂಬ ಜರ್ಮನ್ ವಿದ್ವಾಂಸ 1770ರ ದಶಕದಲ್ಲಿ ರೂಪಿಸಿದ. ಯಾರು ಯಾರಿಂದ ಪಡೆದರು, ಯಾವ ಪಾಠ ಹಳೆಯದು ಎಂದು ಕೇಳುವ ಆಧುನಿಕ ಗ್ರಂಥಸಂಪಾದನೆಯ ಶಿಸ್ತು ಬೆಳೆದ ಮುಖ್ಯ ಕ್ಷೇತ್ರಗಳಲ್ಲಿ ಬೈಬಲ್ ಅಧ್ಯಯನವೂ ಒಂದು. ಆ ವಿದ್ವತ್ತಿನ ವಾತಾವರಣದಿಂದ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯವರು ನಮ್ಮ ನೆಲದಲ್ಲಿ ಮಾಡಿದ ಕೆಲಸವನ್ನು ಕನ್ನಡಿಗರು ಮರೆಯುವಂತಿಲ್ಲ. 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ನಮ್ಮ ಪ್ರಾಚೀನ ಕಾವ್ಯಗಳನ್ನು ಅಚ್ಚಿಗೆ ತಂದ; ಫರ್ಡಿನೆಂಡ್ ಕಿಟ್ಟೆಲ್ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ, 1894ರಲ್ಲಿ ತನ್ನ ಮಹಾನಿಘಂಟನ್ನು ಕೊಟ್ಟ.

ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿನಲ್ಲಿಯೇ ನೆಲೆಸಿ, 1855ರಲ್ಲಿ ಕೊಡಗನ್ನು ಕುರಿತ ತನ್ನ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದ. ಅದನ್ನು ಓದುವಾಗ ನಾನು ವಿದ್ಯಾರ್ಥಿಗಳನ್ನು ಎಚ್ಚರಿಸುತ್ತೇನೆ. ವಿಗ್ರಹಾರಾಧನೆಯ ಮೇಲೆ ಹಳೆಯ ಒಡಂಬಡಿಕೆಯ ಪ್ರವಾದಿಗಳಿಗಿದ್ದ ಕಾಠಿಣ್ಯವನ್ನು ಹೊತ್ತು ಬಂದ ಮಿಷನರಿಗೆ, ಹಿರಿಯರ ಗುಡಿಯಾದ ಕೈಮಡದಲ್ಲಿ ಕಾರಣವರಿಗೆ, ಅಂದರೆ ಕುಲದ ಪೂರ್ವಿಕರಿಗೆ, ಎಡೆಯಿಡುವ ಮನೆತನದ ಭಾವ ಪೂರ್ತಿ ಕಾಣುವುದು ಕಷ್ಟ. ಬೈಬಲ್‌ನ ಪ್ರಭಾವದಲ್ಲಿ ಈ ಅಂಶವೂ ಸೇರಿದೆ, ಅದನ್ನು ಮುಚ್ಚಿಟ್ಟು ಉಳಿದುದನ್ನು ಮಾತ್ರ ಕೊಂಡಾಡುವುದು ವಿದ್ವತ್ತಾಗುವುದಿಲ್ಲ.

ನಾಲ್ಕು ಅಂಕಣಗಳ ಹಾಳೆ ಗೋಡೆಯ ಮೇಲಿರುವಾಗಲೇ ಜರ್ಮನ್ ಸಂಗೀತಗಾರ ಬಾಖ್‌ನ ಮತ್ತಾಯನ ಸುವಾರ್ತೆಯನ್ನಾಧರಿಸಿದ ಗಾನಕೃತಿಯ ಭಾಗಗಳನ್ನು ಕೇಳಿಸಿದೆ. ಅದರಲ್ಲಿ ಯೇಸು ಮಾತಾಡುವಾಗಲೆಲ್ಲ ತಂತಿವಾದ್ಯಗಳ ನಾದ ಆ ಕಂಠವನ್ನು ಪ್ರಭಾವಳಿಯಂತೆ ಸುತ್ತುವರಿದಿರುತ್ತದೆ. ಕೈಬಿಟ್ಟೆಯೇಕೆ ಎಂಬ ಕೂಗಿನಲ್ಲಿ ಮಾತ್ರ ಆ ತಂತಿಗಳು ಸುಮ್ಮನಾಗುತ್ತವೆ. ಪಾಶ್ಚಾತ್ಯ ಸಂಗೀತದ ಪರಿಚಯವೇ ಇಲ್ಲದ ಮಕ್ಕಳು ಆ ಬದಲಾವಣೆಯನ್ನು ಯಾರೂ ಹೇಳದೆ ಗುರುತಿಸಿದರು, ಏಕೆಂದರೆ ಆ ಮಾತು ಯಾವ ಅಂಕಣದಲ್ಲಿದೆ, ಯಾವುದರಲ್ಲಿಲ್ಲ ಎಂಬುದನ್ನು ತಾವೇ ಬರೆದು ತಿಳಿದಿದ್ದರು. ಅನಂತರ ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ಕಾವ್ಯವನ್ನು ಕೈಗೆತ್ತಿಕೊಂಡೆವು. ಕ್ರಿಸ್ತನ ಕೊನೆಯ ದಿನವನ್ನು ಹಳಗನ್ನಡದ ಬಿಗುವಿನಲ್ಲಿ ಕಂಡರಿಸಿದ ಆ ಖಂಡಕಾವ್ಯದ ಅಂಚಿನಲ್ಲಿ, ಯಾವ ಪ್ರಸಂಗ ಯಾವ ಸುವಾರ್ತೆಯಿಂದ ಬಂದಿದೆ, ಯಾವುದು ಕವಿಯ ಸ್ವಂತ ಕಲ್ಪನೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋಗುವುದೇ ನಮ್ಮ ಓದಿನ ಕ್ರಮವಾಯಿತು. ಅದೇ ಕವಿ ಬುದ್ಧನ ಕೊನೆಯ ದಿನವನ್ನು ಕುರಿತೂ ಬರೆದಿರುವುದರಿಂದ, ಎರಡನ್ನೂ ಒಟ್ಟಿಗೆ ಓದಿಸಬೇಕೆಂಬ ಆಸೆ ನನಗಿದೆ.

ಇಂತಹ ಕೂಟವನ್ನು ತಮ್ಮ ಕಾಲೇಜಿನಲ್ಲಿ ನಡೆಸಬಯಸುವವರು ಲೂಕನ 15ನೇ ಅಧ್ಯಾಯದಿಂದಲೇ ಆರಂಭಿಸುವುದು ಒಳ್ಳೆಯದು. ಅದಕ್ಕೆ ಒಂದು ಹಾಳೆಯ ಜೆರಾಕ್ಸ್ ಪ್ರತಿ ಮತ್ತು ರೆಂಬ್ರಾಂಟನ ಚಿತ್ರದ ಒಂದು ಬಣ್ಣದ ಮುದ್ರಣ ಸಾಕು. ಪ್ರವಾಸಕ್ಕೆ ಅನುಕೂಲವಿದ್ದರೆ ಸಂಪಾಜೆ ಘಾಟಿ ಇಳಿದು ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರಕ್ಕೆ ಹೋಗಬಹುದು. ಇಟಲಿಯಿಂದ ಬಂದ ಜೆಸ್ವಿಟ್ ಕಲಾವಿದ ಅಂತೋನಿಯೊ ಮೊಸ್ಕೆನಿ 1900ರ ಆಸುಪಾಸಿನಲ್ಲಿ ಅದರ ಗೋಡೆ ಮತ್ತು ಒಳಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದ್ದಾನೆ. ಹೊರಡುವ ಹಿಂದಿನ ವಾರವೇ ಸಂಬಂಧಪಟ್ಟ ಅಧ್ಯಾಯಗಳನ್ನು ಓದಿಸಿರಬೇಕು, ಮತ್ತು ಒಳಗೆ ಹೋದ ಮೇಲೆ ಮೊದಲ ಅರ್ಧಗಂಟೆ ವಿದ್ಯಾರ್ಥಿಗಳಿಗೆ ಏನನ್ನೂ ವಿವರಿಸಬಾರದು.